ಆರಾಮ ಇದ್ದವರ ಊರಿಗೊಂದು ದವಾಖಾನೆ

ನಮ್ಮ ಕಡೆಯ ಜನರಿಗೆ ಯಾವ ರೋಗ ಬಂದರೂ ಬಾಯಿ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಜ್ವರದಿಂದ ನಡುಗುತ್ತಿರುವವನನ್ನು ‘ಹೆಂಗದೀರಿ’ ಎಂದು ಕೇಳಿ ನೋಡಿ. ಹೊದ್ದ ಕಂಬಳಿಯೊಳಗಿನಿಂದಲೇ ‘ಆರಾಮ ಅದೇನ್ರಿ, ನೀವು ಹೆಂಗದೀರಿ’ ಎನ್ನುತ್ತಾನೆ. ಬಂದವರ ಮುಂದೆ ತನ್ನ ನೋವು ಹೇಳಿಕೊಳ್ಳುವುದೆಂದರೆ ಅವರನ್ನು ಚಹಾ ಕೊಡದೆ ಕಳಿಸಿದಷ್ಟು ಅವಮಾನ. ನಾನೋ, ಗಂಟೆಗೆ ಸರಿಯಾಗಿ ಎದ್ದು ತಣ್ಣೀರು ಸುರಿದುಕೊಳ್ಳುವವನು. ಟ್ರೇನಿಂಗ್ ಕಾಲೇಜಿನ ವಾರ್ಡನ್ನರು ಮೈಗೆ ಹಚ್ಚಿದ ಶಿಸ್ತು ಈ ವಯಸ್ಸಿನಲ್ಲಿಯೂ ಇಳಿದಿಲ್ಲ. ಶಿಸ್ತಿನಿಂದ ಸರಿಹೋಗದ್ದು ಲೋಕದಲ್ಲಿ ಯಾವುದೂ ಇಲ್ಲ ಎಂದು ನಂಬಿದ್ದ ನನ್ನನ್ನು ಒಮ್ಮೆ ಸೋಲಿಸಿದ್ದು ಈ ‘ಆರಾಮ’ ಎಂಬ ಮಾತು.

ಆಗ ನಾನು ಮೂಡಲಗಿಯ ಆಚೆಗಿನ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರ. ಅಣ್ಣನ ಕಿರಾಣಿ ಅಂಗಡಿಯೂ ಅಲ್ಲಿಯೇ. ನನ್ನ ಊಟ ಅತ್ತಿಗೆಯ, ನಮ್ಮ ಮಾತಿನಲ್ಲಿ ವೈನಿಯ, ಕೈಯದು. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ವೈನಿಗೆ ದಮ್ಮು, ಉಸಿರು ಕಟ್ಟುವ ಬೇನೆ. ಥಂಡಿ ಶುರುವಾಯಿತೆಂದರೆ ಎತ್ತಿನ ಚಕ್ಕಡಿಯಲ್ಲಿ ಹಾಸಿಗೆ ಹಾಕಿ ಎರೆಹೊಲಗಳ ದಾರಿಯಲ್ಲಿ ಘಟಪ್ರಭಾಕ್ಕೆ ಕರೆದೊಯ್ಯಬೇಕು. ಅಲ್ಲಿನ ಡಾಕ್ಟರರು ಒಳ್ಳೆಯವರೇ. ಆದರೆ ಚಕ್ಕಡಿಯ ಬಾಡಿಗೆ, ಔಷಧ, ಅಂಗಡಿ ಮುಚ್ಚಿದ ನಷ್ಟ ಎಲ್ಲ ಕಣ್ಣ ಮುಂದೆ ಬಂದು, ಶೀಸೆ ಅರ್ಧ ಇರುವಾಗಲೇ ವೈನಿ ‘ಈಗ ಆರಾಮ ಆತು’ ಎಂದುಬಿಡುತ್ತಿದ್ದರು. ಔಷಧಕ್ಕಿಂತ ಆ ಮಾತು ಅಗ್ಗ. ಅಡುಗೆಮನೆಯಿಂದ ಬರುವ ಅವರ ಸುಂಯ್ ಎಂಬ ಉಸಿರನ್ನು ಕೇಳುತ್ತ ಅಣ್ಣ ಮತ್ತು ನಾನು ರೊಟ್ಟಿ ತಿನ್ನುತ್ತಿದ್ದೆವು. ಅಂಗಡಿ ಇದ್ದವರ ಪಾಡು ಇದು. ಕೂಲಿಯವರ ಕೇರಿಯಲ್ಲಿ ಮಂತ್ರಿಸಿ ಕಟ್ಟಿದ ದಾರವೇ ಡಾಕ್ಟರು.

ಊರಿಗೊಂದು ಸರಕಾರಿ ದವಾಖಾನೆ ಬೇಕೆಂದು ಚಳವಳಿ ಹೂಡಿದೆವು. ನಾವು ಎಂದರೆ ನಾನು ಮತ್ತು ಬಾಜೂಮನೆಯ ಗುರುಸಿದ್ದಪ್ಪ ಕಾಕಾ. ಬೆಲ್ಲದ ವ್ಯಾಪಾರಿಯಾದರೂ ಕಾಕಾನ ದನಿಯಲ್ಲಿ ಸಿಹಿ ಎಂಬುದಿರಲಿಲ್ಲ. ನಾಗನೂರ, ಮೂಡಲಗಿ ಸಂತೆಗಳಲ್ಲಿ ಚಕ್ಕಡಿಯ ಮೇಲೆ ನಿಂತು ಕೂಗುತ್ತಿದ್ದರು: “ಸಾಹುಕಾರಗ ಡಾಕ್ಟರ, ಬಡವಗ ದೇವರು ಅನ್ನೂದು ಸಾಕ್ರಿ. ದೇವರು ಇಬ್ಬರಿಗೂ ಇರಲಿ, ಡಾಕ್ಟರನೂ ಇಬ್ಬರಿಗೂ ಇರಲಿ.” ನಾನು ಶನಿವಾರ ಸಾಲೆ ಬಿಟ್ಟೊಡನೆ ಸೈಕಲ್ ಹತ್ತಿ ಗೋಕಾಕದ ತಾಲೂಕು ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹೀಗೆ ನಿಂತೂ ನಿಂತೂ, ಕೊನೆಗೆ ಸಾಹೇಬರೊಬ್ಬರು ಊರಿಗೇ ಬಂದು ನೋಡುವುದೆಂದಾಯಿತು. ಹುಕ್ಕೇರಿಯಲ್ಲಿದ್ದ ನನ್ನ ಸೋದರಮಾವ ಇಂಥ ಕೆಲಸಗಳಲ್ಲಿ ಪಳಗಿದವರು. ಅವರು ಹೇಳಿಕಳಿಸಿದ ಬುದ್ಧಿ ಒಂದೇ: “ರೋಗಿಗಳನ್ನ ತೋರಸಪಾ, ಊರು ತೋರಸಬ್ಯಾಡ.”

ನಾನು ಊರನ್ನೇ ತೋರಿಸಿದೆ. ಸಾಹೇಬರು ಬರುವುದೆಂದರೆ ನನಗೆ ಸಾಲೆಯ ತಪಾಸಣೆಯ ನೆನಪು. ಕೇರಿಗಳನ್ನು ಗುಡಿಸಿಸಿದೆ, ಚಾವಡಿಗೆ ಸುಣ್ಣ ಬಳಿಸಿದೆ. ರೋಗಿಗಳೆಲ್ಲ ಮುಖ ತೊಳೆದು, ತಲೆ ಬಾಚಿಕೊಂಡು ಬರಬೇಕೆಂದು ಡಂಗುರ ಹೊಡೆಸಿದೆ. ಅವರು ನನ್ನನ್ನೂ ಮೀರಿ ಇಳಕಲ್ ಸೀರೆ, ಮಡಿ ರುಮಾಲುಗಳಲ್ಲಿ ಬಂದರು. ಅವರನ್ನು ಚಾವಡಿಯಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ನೋಡಿದರೆ ಯಾವುದೋ ಮದುವೆಯ ಬೀಗರ ಬಳಗದಂತಿತ್ತು.

ಸಾಹೇಬರು ಒಬ್ಬೊಬ್ಬರನ್ನೇ “ಹೆಂಗದೀರಿ?” ಎಂದು ಕೇಳುತ್ತ ಬಂದರು. “ಆರಾಮ್ರಿ.” “ಆರಾಮ್ರಿ, ತಮ್ಮ ಆಶೀರ್ವಾದ.” ಚಳಿಜ್ವರದ ಭೀಮವ್ವನ ಹಲ್ಲು ಕಟಕಟ ಎನ್ನುತ್ತಿದ್ದವು, ಆಕೆಯೂ, “ಆರಾಮ್ರಿ ಸಾಹೇಬ್ರ, ತಮ್ಮದು ಊಟಾ ಆತ್ರಿ?” ಎಂದಳು. ವೈನಿಯ ಸರದಿ ಬಂದಾಗ ನಾನು ತಡೆಯಲಾರದೆ, “ಇವರಿಗೆ ದಮ್ಮು ಐತ್ರಿ” ಎಂದೆ. ವೈನಿ ಸೆರಗು ಸರಿಮಾಡಿಕೊಂಡು, “ಎಲ್ಲಿ ದಮ್ಮುರಿ, ಮೆಟ್ಟಲಾ ಹತ್ತಿ ಬಂದೇನಿ, ಅಷ್ಟ” ಎಂದರು. ನಮ್ಮ ಚಾವಡಿಗೆ ಮೆಟ್ಟಿಲೇ ಇರಲಿಲ್ಲ.

“ಮಾಸ್ತರ, ಇಷ್ಟ ಗಟ್ಟಿ ಮಂದೀನ ನಾ ಎಲ್ಲೂ ನೋಡಿಲ್ಲ. ದವಾಖಾನಿ ಯಾರರ ಬ್ಯಾನಿ ಇದ್ದವರಿಗೆ ಕೊಡೂಣು” ಎಂದು ಸಾಹೇಬರು ಜೀಪಿನತ್ತ ತಿರುಗಿದರು. ನನ್ನ ಕಣ್ಣ ಮುಂದೆ ಬರುವ ಥಂಡಿಯ ಚಕ್ಕಡಿ ಬಂದು ನಿಂತಿತು.

ಅಷ್ಟರಲ್ಲಿ ಕಾಕಾನಿಗೆ ತಡೆಯಲಾಗಲಿಲ್ಲ. “ಸಾಹೇಬ್ರ, ನಂದೇನಿಲ್ಲ, ನಾ ಆರಾಮ ಅದೇನಿ. ಆದ್ರ ಈ ಗೌರವ್ವ ಅದಾಳಲ್ಲ, ಮಾಸ್ತರನ ವೈನಿ, ಈಕೀ ಉಸುರಿನ ಸಪ್ಪಳಕ್ಕ ನಮ್ಮ ಮನ್ಯಾಗ ಯಾರಿಗೂ ನಿದ್ದಿಲ್ರಿ.”

ವೈನಿ ಬಿಟ್ಟಾರೆಯೇ? “ನನ್ನ ಉಸುರು ಕೇಳತೈತೇನ ಕಾಕಾ? ನಿಮ್ಮ ಕೆಮ್ಮಿಗೆ ನಮ್ಮ ಎಮ್ಮಿ ಹಗ್ಗಾ ಹರಕೊಂಡು ಓಡಿದ್ದೂ ಹೇಳ್ರಿ. ಮತ್ತ ಈ ಭೀಮವ್ವನ ಮೈ ಮುಟ್ಟಿ ನೋಡ್ರಿ ಸಾಹೇಬ್ರ, ರೊಟ್ಟಿ ಸುಡಬಹುದು.”

ಭೀಮವ್ವ ಪಕ್ಕದವನ ಹುಣ್ಣು ಬಯಲಿಗೆಳೆದಳು. ಅವನು ತನ್ನ ಬೀಗನ ಹೊಟ್ಟೆನೋವು. ಎತ್ತರದ ಪ್ರಕಾರ ನಿಂತ ಸಾಲು ಚೆಲ್ಲಾಪಿಲ್ಲಿಯಾಯಿತು. ತಮ್ಮ ರೋಗ ಹೇಳಲು ಬಾಯಿಲ್ಲದ ಜನ ನೆರೆಯವರ ರೋಗಕ್ಕೆ ವಕೀಲರಾದರು. ಸಾಹೇಬರು ಮರಳಿ ಬಂದು ಕುಳಿತು, ಪೆನ್ನು ತೆಗೆದು, ಹೊತ್ತು ಇಳಿಯುವವರೆಗೆ ಬರೆದುಕೊಂಡರು.

ಹೊರಡುವಾಗ ನನ್ನನ್ನು ಮೆಚ್ಚುಗೆಯಿಂದ ನೋಡಿ, “ಈ ಊರಾಗ ನೀವೊಬ್ಬರ ಗಟ್ಟಿ ನೋಡ್ರಿ. ಮುಂಜಾನಿಯಿಂದ ನೆಟ್ಟಗ ನಿಂತೀರಿ, ಕುರ್ಚಿ ಕೊಟ್ರೂ ಕುಂದರಲಿಲ್ಲ” ಎಂದರು.

“ಎಲ್ಲಾ ಶಿಸ್ತುರಿ” ಎಂದೆ.

“ಶಿಸ್ತಲ್ರಿ ಸಾಹೇಬ್ರ, ಮೂಲವ್ಯಾಧಿ” ಎಂದರು ವೈನಿ. “ದೀಪಾವಳಿಯಿಂದ ನಿಂತ ಉಣ್ಣಾಕತ್ತಾನ.”

ದವಾಖಾನೆ ಬಂತು. ಚಾವಡಿಯದೇ ಒಂದು ಖೋಲಿ, ಒಂದು ಮೇಜು, ಬಣ್ಣದ ನೀರಿನ ಶೀಸೆಗಳು, ಅವುಗಳ ಹಿಂದೆ ಒಬ್ಬ ಡಾಕ್ಟರು. ಮೊದಲ ದಿನ ನಾನೇ ಬಾಗಿಲಲ್ಲಿ ನಿಂತು ಜನರನ್ನು ಸಾಲು ಮಾಡಿದೆ. ಎಲ್ಲರಿಗಿಂತ ಮುಂದೆ ವೈನಿ. ಡಾಕ್ಟರು “ಏನಾಗೇತ್ರಿ?” ಎಂದು ಕೇಳಿದರು.

“ನನಗೇನ ಆಗೇತ್ರಿ, ನಾ ಕುಂತಿರತೇನಿ” ಎಂದರು ವೈನಿ, ಉಸಿರು ಎಳೆದುಕೊಳ್ಳುತ್ತ. “ಪಾಪ, ಮೊದಲ ನಮ್ಮ ಮೈದುನನ್ನ ನೋಡ್ರಿ.”

ಇಡೀ ಸಾಲು ಭಕ್ತಿಯಿಂದ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಿತು. ವೈನಿಯನ್ನು ನೋಡದೆ ನನ್ನನ್ನು ಮುಟ್ಟಕೂಡದೆಂದು ನಾನು ಡಾಕ್ಟರರಿಗೆ ಖಡಾಖಂಡಿತವಾಗಿ ಹೇಳಿದೆ. ಆಮೇಲೆ ಮಾತ್ರ, ಸರದಿ ಮುರಿದ ಹುಡುಗರನ್ನು ಜೀವಮಾನವಿಡೀ ಬಿಸಿಲಲ್ಲಿ ನಿಲ್ಲಿಸಿದ ನಾನು, ಊರವರನ್ನೆಲ್ಲ ಹಿಂದೆ ಹಾಕಿ ಎರಡನೆಯವನಾಗಿ ಒಳಗೆ ಹೋದೆ.