ಮೂಲದಲ್ಲೇ ಕಡಿತ

ಅರವತ್ತು ಅಡಿ ಎತ್ತರದ ಹಲಸಿನ ಮರದಿಂದ ಕೆಳಗಿನ ಮನೆಯ ಒಂದು ಹೆಂಚೂ ಒಡೆಯದಂತೆ ಕೊಂಬೆ ಇಳಿಸಬಲ್ಲ ಮನುಷ್ಯನಿಗೆ, ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವುದು ಯಾವ ಮಹಾ ಕೆಲಸ? ಕುರ್ಚಿಯಲ್ಲಿ ಕೂತು ಮಾಡುವಂಥದ್ದು. ಬಿದ್ದರೂ ಎಷ್ಟು ಎತ್ತರದಿಂದ ಬಿದ್ದೇನು!

ಹೀಗೆಂದುಕೊಂಡಿದ್ದೆ.

ಸಾಗರದ ಸುತ್ತಮುತ್ತ ಮನೆ, ಶಾಲೆ, ಕರೆಂಟು ತಂತಿಗಳ ಮೇಲೆ ವಾಲಿದ ಮರಗಳ ಕೊಂಬೆ ಸವರುವುದು ನನ್ನ ಉದ್ಯೋಗ. ನಾಲ್ಕು ಜನ ಕೆಲಸಗಾರರಿದ್ದಾರೆ, ಒಂದು ಹಳೆಯ ಪಿಕಪ್ ಇದೆ. ಊರಿನವರಿಗೆಲ್ಲ ನಾನು ‘ಮರ ಕಡಿಯೋ ಗಣಪಣ್ಣ’. ಹೀಗಿರುವಾಗ ಹೊನ್ನೆಮರಡಿನ ಒಂದು ರೆಸಾರ್ಟಿನಲ್ಲಿ ಮಾವಿನ ಮರದ ಕೊಳೆತ ಕೊಂಬೆಗಳನ್ನಷ್ಟೇ ತೆಗೆದು ಮರವನ್ನು ಉಳಿಸಿಕೊಟ್ಟೆ. ಮಾಲೀಕರು ನನ್ನ ಕೈ ಕುಲುಕಿ, "ನೀವು ಮರ ಕಡಿಯೋರಲ್ಲ ಕಣ್ರೀ, ಟ್ರೀ ಸರ್ಜನ್!" ಅಂದುಬಿಟ್ಟರು.

ವಾರದೊಳಗೆ ಮನೆ ಮುಂದೆ ಬೋರ್ಡು ಬಂತು: ‘ಗಣಪತಿ, ಟ್ರೀ ಸರ್ಜನ್’.

ನನ್ನ ಹೆಂಡತಿ ವನಜಾ ಬೋರ್ಡನ್ನು ಎರಡು ಸಲ ಓದಿದಳು. "ಸರ್ಜನ್ ಅಂತ ಬರೆಸಿದ್ರಲ್ಲ, ಯಾರಾದ್ರೂ ಹೊಟ್ಟೆ ಹಿಡ್ಕೊಂಡು ಬಂದ್ರೆ ಎಂತ ಮಾಡ್ತೀರಿ?"

"ಸವರ್ತೀನಿ!" ಎಂದೆ. ಪದವಿ ಆಗಲೇ ತಲೆಗೇರಿತ್ತು.

ಸ್ವಲ್ಪ ದಿನಕ್ಕೆ ರೆಸಾರ್ಟಿನ ಹಣ ಬ್ಯಾಂಕಿಗೆ ಬಂತು. ಬಿಲ್ಲಿಗಿಂತ ಕಡಿಮೆ ಬಂದಿತ್ತು. ಮ್ಯಾನೇಜರಿಗೆ ಫೋನ್ ಮಾಡಿದೆ. ಆತ ಬಹಳ ವಿನಯದಿಂದ, "ಹೌದು ಸಾರ್, ಮೂಲದಲ್ಲೇ ಕಡಿತ ಮಾಡಿದ್ವಿ. ರೂಲ್ಸ್ ಹಂಗೇ ಇದೆ" ಎಂದ.

ಮೂಲದಲ್ಲೇ? ಆ ಮಾವಿನ ಮರವನ್ನು ನಾನು ಮಗುವಿನಂತೆ ಉಳಿಸಿದ್ದೆ! ಫೋನ್ ಇಟ್ಟವನೇ ಬೈಕ್ ಹತ್ತಿದೆ. ಹೊನ್ನೆಮರಡು ತಲುಪಿದವನು ರೆಸಾರ್ಟಿನ ಗೇಟಿನಲ್ಲೇ ಕೂಗಿದೆ: "ಯಾವ ಪಾಪಿ ರೀ ಕಡಿದಿದ್ದು? ಬುಡಕ್ಕೇ ಕತ್ತಿ ಇಡೋಕೆ ನಿಮಗೆ ಕೈಯಾದ್ರೂ ಹೆಂಗೆ ಬಂತು?"

ಊಟಕ್ಕೆ ಕೂತಿದ್ದ ಪ್ರವಾಸಿಗರೆಲ್ಲ ಎದ್ದು ಬಂದರು. ಒಬ್ಬಾಕೆ ವಿಡಿಯೋ ಮಾಡತೊಡಗಿದಳು. ಅವಳ ಹಿಂದೆಯೇ ಮಾವಿನ ಮರ ಚಿಗುರಿಕೊಂಡು ನಿಂತಿತ್ತು.

ಮ್ಯಾನೇಜರ್ ಓಡಿ ಬಂದ. "ಸಾರ್, ಕಡಿತ ಮಾಡಿದ್ದು ಮರವನ್ನಲ್ಲ, ನಿಮ್ಮ ಬಿಲ್ಲನ್ನ! ಅಷ್ಟು ದುಡ್ಡು ನಿಮ್ಮ ಹೆಸರಲ್ಲಿ ತೆರಿಗೆ ಇಲಾಖೆಗೆ ಕಟ್ಟಿದೀವಿ. ನೀವು ರಿಟರ್ನ್ ಹಾಕಿದ್ರೆ ವಾಪಸ್ ಬರುತ್ತೆ."

"ಮರ ಚೆನ್ನಾಗಿದೆ" ಎಂದು ತಪಾಸಣೆಗೇ ಬಂದವನಂತೆ ಕಾಂಡ ತಟ್ಟಿ ಹಿಂತಿರುಗಿದೆ.

ವನಜಾಳಿಗೆ ಆ ದುಡ್ಡಿನ ಮೇಲೆ ಆಸೆ ಇತ್ತು. ತನಗೆಂದಲ್ಲ. "ಅದು ಬಂದ್ರೆ ಮೊದಲು ಹೊಸ ಬೆಲ್ಟು, ಹಗ್ಗ ತಗಳ್ಳಿ. ಹಳೇದರಲ್ಲಿ ನೀವು ಮೇಲೆ ಹೋದಾಗೆಲ್ಲ ನಂಗೆ ಕೈಕಾಲೇ ಆಡಲ್ಲ" ಎಂದಳು. ಪೇಟೆಯಲ್ಲಿ ತೆರಿಗೆ ಸಲಹೆಗಾರರಾದ ಭಾಗ್ಯಶ್ರೀ ಮೇಡಂ ಹತ್ತಿರ ಹೋಗಿ ಎಂದೂ ಹೇಳಿದಳು.

"ಅವರಿಗೆ ಫೀಸ್ ಯಾಕೆ ದಂಡ? ನಾನೇ ಹಾಕ್ತೀನಿ" ಎಂದೆ.

ಭಾನುವಾರ ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು ಲ್ಯಾಪ್‌ಟಾಪ್ ಮುಂದೆ ಕೂತೆ. ಎಲ್ಲವೂ ಇಂಗ್ಲಿಷಿನಲ್ಲಿತ್ತು. ವೃತ್ತಿ ಯಾವುದು ಎಂದು ಕೇಳಿತು. ಉದ್ದ ಪಟ್ಟಿಯಲ್ಲಿ ಮರದ ಸುಳಿವೇ ಇರಲಿಲ್ಲ. ವೈದ್ಯಕೀಯ ವೃತ್ತಿ ಇತ್ತು. ಸರ್ಜನ್ ತಾನೇ! ಒತ್ತಿದೆ. ವರ್ಷವಿಡೀ ಬಂದ ಹಣವನ್ನು ತುಂಬಿದೆ. ಅದರಲ್ಲಿ ಅರ್ಧವನ್ನು ಲಾಭವೆಂದು ತೋರಿಸಬೇಕು ಎಂದಿತು. ಸರ್ಕಾರಕ್ಕೆ ನನ್ನ ಸಾಮರ್ಥ್ಯದ ಮೇಲೆ ಇಷ್ಟೊಂದು ನಂಬಿಕೆಯೇ ಎಂದು ಹೆಮ್ಮೆಯಾಯಿತು.

ಕೊನೆಯಲ್ಲಿ ‘ಪೇಯಬಲ್’ ಎಂಬ ಪದದ ಮುಂದೆ ದಪ್ಪನೆಯ ಮೊತ್ತ ಮೂಡಿತು.

"ವನಜಾ! ಸರ್ಕಾರ ಎಷ್ಟು ಕೊಡ್ತದೆ ನೋಡು ಬಾ!"

ಅವಳು ಸೌಟು ಹಿಡಿದೇ ಬಂದಳು. "ಅವ್ರು ಕಡಿದಿದ್ದಕ್ಕಿಂತ ಇದೇ ಜಾಸ್ತಿ ಇದೆಯಲ್ರೀ?"

"ಬಡ್ಡಿ ಸೇರಿಸ್ತಾರೆ. ಸರ್ಕಾರ ಅಂದ್ರೆ ಸುಮ್ನೆ ಅಲ್ಲ."

ಆಮೇಲೆ ಯಂತ್ರ ಇನ್ನೊಂದು ಪ್ರಶ್ನೆ ಕೇಳಿತು: ಪಾವತಿ ಈಗಲೋ, ಆಮೇಲೋ? ಪಾಪ, ಸರ್ಕಾರಕ್ಕೂ ಕಷ್ಟ ಇರುತ್ತದೆ, ಅವಸರ ಮಾಡುವುದು ಬೇಡವೆಂದು ಉದಾರವಾಗಿ ‘ಆಮೇಲೆ’ ಒತ್ತಿದೆ.

ಮರುದಿನವೇ ಪೇಟೆಗೆ ಹೋಗಿ ಬೆಲ್ಟು, ಹಗ್ಗ ಮತ್ತು ವನಜಾಳ ಪಟ್ಟಿಯಲ್ಲೇ ಇರದ ಒಂದು ಹೊಸ ಮೋಟಾರು ಗರಗಸ ತಂದೆ. ಎಲ್ಲವೂ ಸಾಲ. "ಸರ್ಕಾರದಿಂದ ದುಡ್ಡು ಬರ್ಲಿಕ್ಕಿದೆ" ಎಂದು ಅಂಗಡಿಯವನಿಗೆ ಗತ್ತಿನಿಂದ ಹೇಳಿದೆ.

ಸರ್ಕಾರದಿಂದ ನೋಟಿಸ್ ಬಂತು. ಹಣ ಬರಬೇಕಾದದ್ದು ನನಗಲ್ಲ, ಅವರಿಗೆ! ಕೂಡಲೇ ಕಟ್ಟಬೇಕಂತೆ.

ವನಜಾ ಸೀರೆ ಬದಲಿಸಿ, ನನ್ನನ್ನು ಭಾಗ್ಯಶ್ರೀ ಮೇಡಂ ಕಚೇರಿಗೆ ಕರೆದುಕೊಂಡು ಹೋದಳು.

ಮೇಡಂ ನೋಟಿಸ್ ನೋಡಿದರು, ರಿಟರ್ನ್ ನೋಡಿದರು, ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕ್ಲಿನಿಕ್ ಎಲ್ಲಿದೆ ಡಾಕ್ಟ್ರೇ?"

"ಮರದ ಮೇಲೆ."

"ಡಾಕ್ಟ್ರು, ವಕೀಲರು ಸುಲಭದ ಲೆಕ್ಕ ಆರಿಸ್ಕೊಂಡ್ರೆ ಬಂದಿದ್ರಲ್ಲಿ ಅರ್ಧ ಲಾಭ ಅಂತ ತೋರಿಸ್ಬೇಕು. ನಿಮ್ಮದು ಸಣ್ಣ ವ್ಯಾಪಾರ. ಅದಕ್ಕೆ ಇಷ್ಟೊಂದು ಬೇಕಾಗಿಲ್ಲ. ಕೂಲಿ, ಡೀಸೆಲ್ ಎಲ್ಲ ಕಳೆದು ನಿಮಗೆ ಅರ್ಧ ಉಳಿಯುತ್ತಾ?"

ವನಜಾ ನನಗಿಂತ ಮೊದಲೇ ಬಾಯಿ ತೆರೆದಳು. "ಅರ್ಧ ಉಳೀತಿದ್ರೆ ಇವ್ರು ಮರ ಯಾಕೆ ಹತ್ತುತಿದ್ರು ಮೇಡಂ!"

ತಿದ್ದಿದ ರಿಟರ್ನ್ ಹಾಕಲು ಇನ್ನೂ ಸಮಯವಿತ್ತು. ಮೇಡಂ ಕೀಬೋರ್ಡು ಎಳೆದುಕೊಂಡರು. "ಶಾಖೆಗಳು ಎಷ್ಟಿವೆ?"

"ಒಂದೊಂದು ಮರಕ್ಕೆ ಒಂದೊಂದು ಥರ. ನಿನ್ನೆ ಆನಂದಪುರದಲ್ಲಿ ಒಂಬತ್ತು ಇಳಿಸಿದ್ವಿ."

"ನಾನು ಕೇಳಿದ್ದು ವ್ಯಾಪಾರದ ಶಾಖೆ." ಅವರು ನಿಟ್ಟುಸಿರು ಬಿಟ್ಟರು. "ಹೋಗ್ಲಿ, ಕಡಿತಗಳು ಏನಾದ್ರೂ ಇದ್ಯಾ?"

ಇದಕ್ಕೆ ನನ್ನಲ್ಲಿ ಸಾಕ್ಷಿಯೇ ಇತ್ತು. ತೋಳು ಮಡಚಿದೆ. "ಇದು ಚಗಳಿ ಇರುವೆದು. ಇದು ಕಣಜದ್ದು. ಇನ್ನೊಂದನ್ನ ತೋರಿಸೋ ಹಾಗಿಲ್ಲ."

"ನೀವು ಸುಮ್ನೆ ಕೂತ್ಕಳ್ಳಿ!" ಎಂದಳು ವನಜಾ. ಮೇಡಂ ಮುಖಕ್ಕೆ ಫೈಲು ಅಡ್ಡ ಹಿಡಿದು ನಗುತ್ತಿದ್ದರು. ಉಳಿದ ಪ್ರಶ್ನೆಗಳನ್ನೆಲ್ಲ ವನಜಾಳಿಗೇ ಕೇಳಿದರು. ನಾನು ಕಿಟಕಿಯಾಚೆಯ ಗುಲ್‌ಮೊಹರ್ ನೋಡುತ್ತ ಕೂತೆ.

ಕೊನೆಗೆ ನೋಟಿಸಿನ ಕಾಟ ತಪ್ಪಿತು, ಕಡಿತವಾದ ಹಣವೂ ಬಂತು. ಗರಗಸವನ್ನು ಅಂಗಡಿಯವನು ಅರೆಮನಸ್ಸಿನಿಂದ ಅರೆಬೆಲೆಗೆ ವಾಪಸ್ ತೆಗೆದುಕೊಂಡ. ಆ ನಷ್ಟ ಮತ್ತು ಮೇಡಂ ಫೀಸು ಕಳೆದ ಮೇಲೆ ಉಳಿದದ್ದು ಹಗ್ಗಕ್ಕಷ್ಟೇ ಸಾಕಾಯಿತು. ಬೆಲ್ಟಿನ ದುಡ್ಡನ್ನು ವನಜಾ ತನ್ನ ಮಹಿಳಾ ಸಂಘದ ಉಳಿತಾಯದಿಂದ ಕಟ್ಟಿದಳು. ಕಟ್ಟಿ ಬಂದ ದಿನದಿಂದ ಬಿಲ್ಲು, ಬ್ಯಾಂಕು, ಫೋನು ಎಲ್ಲವೂ ಅವಳ ವಶಕ್ಕೆ ಹೋದವು. ಕೆಲಸಗಾರರು ಕೂಡ ಈಗ ರಜೆ ಕೇಳುವುದು ಅವಳನ್ನೇ.

ನನ್ನ ಸ್ಥಾನಮಾನಕ್ಕೇನೂ ಕುಂದಿಲ್ಲ. ಇವತ್ತಿಗೂ ನಾನೇ ಮೇಲಧಿಕಾರಿ. ಮರದ ಮೇಲಿರುವಷ್ಟು ಹೊತ್ತು!