ಒಬ್ಬಳೇ ಹೊರಟ ಅವ್ವ, ಹಿಂದೆ ಹೊರಟ ನಾನು

ಹಟಮಾರಿ ಮಕ್ಕಳನ್ನು ಸಂಭಾಳಿಸುವುದು ಹೇಗೆ ಎಂದು ಹೇಳಿಕೊಡುವವರು ಓಣಿಗೊಬ್ಬರು ಸಿಗುತ್ತಾರೆ. ಹಟಮಾರಿ ತಾಯಂದಿರನ್ನು ಸಂಭಾಳಿಸುವುದು ಹೇಗೆಂದು ಹೇಳಿಕೊಟ್ಟವರನ್ನು ನಾನಿನ್ನೂ ಕಂಡಿಲ್ಲ. ಕೇಳೋಣವೆಂದರೆ ನನ್ನ ವಾರಿಗೆಯವರೆಲ್ಲ ತಮ್ಮ ತಮ್ಮ ತಾಯಂದಿರ ಎದುರು ಸೋತು ಸುಣ್ಣವಾದವರೇ. ನಾನು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವನು. ಅಲ್ಲಿ ನಾನು ಕೆಮ್ಮಿದರೆ ಕ್ಯಾಷಿಯರ್ ಗಾಬರಿಯಿಂದ ತಲೆಯೆತ್ತಿ ನೋಡುತ್ತಿದ್ದ. ಮನೆಯಲ್ಲಿ ಕೆಮ್ಮಿದರೆ ಅವ್ವ ಶುಂಠಿ ಕಷಾಯ ತಂದು ಎದುರಿಗೆ ನಿಲ್ಲುತ್ತಿದ್ದಳು, ಲೋಟ ಖಾಲಿಯಾಗುವವರೆಗೆ ಕದಲುತ್ತಿರಲಿಲ್ಲ. ನಿಜವಾದ ಅಧಿಕಾರ ಯಾವುದೆಂದು ನನಗೆ ತಿಳಿದದ್ದು ಬ್ಯಾಂಕಿನಲ್ಲಲ್ಲ.

ನಮ್ಮದು ಗದಗಿನ ಕಡೆಯ ಮನೆತನ. ವರ್ಗವಾಗಿ ವಿಜಯವಾಡಕ್ಕೆ ಬಂದವನು, ಪಟಮಟದಲ್ಲೊಂದು ಮನೆ ಹಿಡಿದೆ, ಅಲ್ಲೇ ಬೇರುಬಿಟ್ಟೆ. ಅಪ್ಪ ಮೊದಲೇ ತೀರಿಕೊಂಡಿದ್ದರು. ಅವ್ವನೂ ತಂಗಿ ಸುಮಾಳೂ ನನ್ನ ಜೊತೆಗೇ ಬಂದರು. ಸುಮಾ ಇಲ್ಲೇ ಓದಿ, ವಿಶಾಖಪಟ್ಟಣದ ಪ್ರಸಾದ್ ಎಂಬ ತೆಲುಗು ಹುಡುಗನನ್ನು ಮೆಚ್ಚಿ ಮದುವೆಯಾದಳು. ಊರಾಚೆ ಪೆಂದುರ್ತಿಯಲ್ಲಿ ಅವರ ಮನೆ. ಹಾಗೆ ನಮ್ಮ ಬದುಕಿನೊಳಗೆ ಬಂದವರು ಪ್ರಸಾದರ ತಾಯಿ ಮಾಣಿಕ್ಯಮ್ಮ. ಅವರನ್ನು ನಾನು ತೆಲುಗಿನವರ ಹಾಗೆ ಅತ್ತಯ್ಯಗಾರು, ಅಂದರೆ ಅತ್ತೆಯವರು, ಎಂದು ಕರೆಯುತ್ತಿದ್ದೆ.

ಬೀಗತಿಯರ ಮೊದಲ ಭೇಟಿ ಊಟದ ಗೊಂದಲದಿಂದಲೇ ಶುರುವಾಯಿತು. ಹೆಣ್ಣಿನ ಕಡೆಯವರೆಂದು ನಾವು ಅವರ ಮನೆಗೆ ಹೋದಾಗ ಅತ್ತಯ್ಯಗಾರು ಬಾಗಿಲ ಬಳಿಯೇ ನಿಂತಿದ್ದರು. ಅವ್ವ ಮರ್ಯಾದೆಯಿಂದ, "ಕೂಡ್ರಿ, ನೀವೂ ಕೂಡ್ರಿ" ಎಂದಳು. ನಮ್ಮ ಕಡೆ ಕೂಡು ಎಂದರೆ ಕುಳಿತುಕೋ. ತೆಲುಗಿನಲ್ಲಿ ಕೂಡು ಎಂದರೆ ಅನ್ನ, ಅದೂ ಒರಟು ಮಾತು. ಬಂದ ತಕ್ಷಣ ಈ ಹೆಂಗಸು ಹೀಗೆ ಬಾಯಿಬಿಟ್ಟು ಅನ್ನ ಕೇಳುತ್ತಾಳಲ್ಲ ಎಂದು ಅತ್ತಯ್ಯಗಾರು ಒಳಗೆ ಓಡಿ ತಟ್ಟೆ ತುಂಬ ಅನ್ನ, ಗೋಂಗೂರ ಎಂಬ ಪುಂಡಿಸೊಪ್ಪಿನ ಪಚ್ಚಡಿ ತಂದಿಟ್ಟರು. ಬೆಳಗಿನ ಹತ್ತು ಗಂಟೆಗೆ ಅನ್ನ ಕೊಡುವುದು ಇವರ ಪದ್ಧತಿ ಇರಬೇಕೆಂದು ಅವ್ವ ಮರುಮಾತಿಲ್ಲದೆ ಉಂಡಳು. ಗುಟ್ಟು ತಿಳಿದ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವರನ್ನು ಯಾರಿಂದಲೂ ಅಗಲಿಸಲಾಗಲಿಲ್ಲ.

ಅವ್ವ ಆಂಧ್ರದಲ್ಲಿ ಅಷ್ಟು ವರ್ಷ ಇದ್ದೂ ತೆಲುಗು ಕಲಿಯಲಿಲ್ಲ. ಪಟಮಟದ ತರಕಾರಿಯವರು ಕನ್ನಡ ಕಲಿತರು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅವ್ವ ತನ್ನ ಗುಂಡಿಯ ಫೋನು ಹಿಡಿದು ಮೂಲೆಯಲ್ಲಿ ಕೂರುತ್ತಿದ್ದಳು. ಈ ಕಡೆಯಿಂದ ಗದಗಿನ ಕನ್ನಡ, ಆ ಕಡೆಯಿಂದ ಅಚ್ಚ ತೆಲುಗು. "ಏನಂದ್ರು ಅತ್ತಯ್ಯಗಾರು?" ಎಂದು ನಾನೊಮ್ಮೆ ಕೇಳಿದೆ. "ಆಕಿ ಏನರೆ ಅಂದ್ಲು, ನಾನೂ ಏನರೆ ಅಂದೆ. ಇಬ್ಬರಿಗೂ ಹಗರಾತು" ಎಂದಳು. ನಾನು ಬ್ಯಾಂಕಿನಲ್ಲಿ ಮೂರು ಭಾಷೆ ಬಲ್ಲವನೆಂದು ಹೆಸರು ಮಾಡಿದವನು. ಮೂರರಲ್ಲೂ ಯಾರ ಜೊತೆ ಮಾತಾಡಿಯೂ ಹೀಗೆ ಹಗುರಾದ ನೆನಪಿಲ್ಲ.

ಒಂದು ವರ್ಷ ಮಾರ್ಚ್ ತಿಂಗಳಿಗೆ ಸ್ವಲ್ಪ ಮುಂಚೆ ಅತ್ತಯ್ಯಗಾರು ಹಿತ್ತಲಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಇನ್ನು ನಡೆಯಬಹುದು, ನಡೆಯಲೇಬೇಕು ಎಂದರು ಡಾಕ್ಟರು. ಆದರೆ ಅತ್ತಯ್ಯಗಾರು ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಏಳಲಿಲ್ಲ. ಮತ್ತೆ ಬಿದ್ದೇನೆಂಬ ಭಯ. "ಇಂಕ ಚಾಲು", ಇನ್ನು ಸಾಕು, ಅನ್ನುತ್ತಿದ್ದರಂತೆ. ಮಗ ಗದರಿದ, ಸೊಸೆ ಬೇಡಿಕೊಂಡಳು, ವ್ಯಾಯಾಮ ಕಲಿಸಲು ಬಂದ ಹುಡುಗಿ ಸುಸ್ತಾಗಿ ಹೋದಳು. ಕೊನೆಗೆ ಮಧ್ಯಾಹ್ನದ ಫೋನಿಗೂ ಅವರು ಬರುವುದನ್ನು ಬಿಟ್ಟರು. ಅವ್ವ ಫೋನು ಹಿಡಿದು ಕೂತೇ ಇರುತ್ತಿದ್ದಳು. ಮೂರನೆಯ ದಿನ ಎದ್ದು ನನ್ನೆದುರು ಬಂದು ನಿಂತಳು.

"ನಾ ವೈಜಾಗಿಗೆ ಹೋಗ್ತೇನಿ."

"ಏಪ್ರಿಲ್‌ನಲ್ಲಿ ಹೋಗೋಣ ಅವ್ವಾ. ಈಗ ಬ್ಯಾಂಕಿನಲ್ಲಿ ವರ್ಷದ ಕೊನೆ."

"ಹೋಗೋಣ ಅಂದನೇನು ನಾ? ಹೋಗ್ತೇನಿ ಅಂದೆ. ನೀ ಬಂದ್ರ ಮರುದಿನಾನ ನಡಿ ಅವ್ವಾ, ನಡಿ ಅವ್ವಾ ಅಂತ ಗಂಟ ಬೀಳ್ತಿ. ಆಕಿ ಅಡ್ಡ್ಯಾಡೂತನಕಾ ನಾ ಬರಂಗಿಲ್ಲ."

ಅವ್ವನಿಗೆ ಆಗ ಎಪ್ಪತ್ತು ದಾಟಿತ್ತು. ಸಕ್ಕರೆ ಕಾಯಿಲೆ, ಒಂದು ಕಿವಿ ಮಂದ, ತೆಲುಗಿನ ಒಂದಕ್ಷರ ಓದಲು ಬಾರದು. ನಾನು ಇದನ್ನೆಲ್ಲ ಒಂದೊಂದಾಗಿ ಎದುರಿಗಿಟ್ಟೆ. ಅವಳು ಪೂರ್ತಿ ಕೇಳಿದಳು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ವಿಜಯಾ, ಮಂಗಳಗಿರಿಯಿಂದ ತಂದಿದ್ದ ಆ ಹಸಿರು ಸೀರಿ ಎಲ್ಲೈತಿ? ಆಕಿ ಗೇಟಿನತನಕಾ ನಡದ ದಿನ ಉಡಿಸಬೇಕು" ಎಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

ನಾನು ಉಪಾಯ ಹೂಡಿದೆ. ಅವಳನ್ನು ಹಗಲಿನ ರೈಲುಗಾಡಿಗೆ ಹತ್ತಿಸಿ, ಕಿಟಕಿಯ ಬಳಿ ಕೂರಿಸಿ, ಕೈಬೀಸಿ, ಹಾಗೇ ಹಿಂದೆ ಸರಿದು ಅದೇ ಗಾಡಿಯ ಬೇರೊಂದು ಡಬ್ಬಿ ಹತ್ತಿದೆ. ಬ್ಯಾಂಕಿಗೆ ಅವ್ವನ ನೆಪ ಹೇಳಿದ್ದೆ, ಅವ್ವನಿಗೆ ಬ್ಯಾಂಕಿನ ನೆಪ. ಪತ್ತೇದಾರನ ಹಾಗೆ ಏಲೂರು ಬಂದಾಗ ಕತ್ತು ಹೊರಗೆ ಚಾಚಿ ನೋಡಿದೆ, ರಾಜಮಂಡ್ರಿ ಬಂದಾಗಲೂ ನೋಡಿದೆ. ಅವಳು ಎಲ್ಲೂ ಇಳಿಯಲಿಲ್ಲ. ಇಳಿಯದಿದ್ದರೆ ಒಳಗೆ ಏನಾಗಿದೆಯೋ ಎಂದು ಇನ್ನೊಂದು ಚಿಂತೆ ಹತ್ತಿತು. ಚಿಂತೆ ಮಾಡುವವನಿಗೆ ಎರಡೂ ಕಡೆಯಿಂದ ಸರಕು ಸಿಗುತ್ತದೆ.

ಸಾಮರ್ಲಕೋಟದಲ್ಲಿ ತಡೆಯಲಾಗಲಿಲ್ಲ. ಇಳಿದು, ಅವಳ ಡಬ್ಬಿಯ ತನಕ ನಡೆದು, ಚಹಾ ಮಾರುವವನ ತಳ್ಳುಬಂಡಿಯ ಮರೆಯಲ್ಲಿ ನಿಂತೆ. ಸುಮ್ಮನೆ ನಿಂತರೆ ಅನುಮಾನ ಬರುತ್ತದೆಂದು ಒಂದು ಚಹಾ ತೆಗೆದುಕೊಂಡೆ. ಕಿಟಕಿಯಲ್ಲಿ ಅವ್ವ ಕಂಡಳು. ಚೆನ್ನಾಗಿದ್ದಳು ಎಂದರೆ ಕಡಿಮೆಯಾಯಿತು. ಸುತ್ತ ಕೂತವರಿಗೆಲ್ಲ ಶೇಂಗಾ ಉಂಡೆ ಹಂಚುತ್ತ, ಕನ್ನಡದಲ್ಲಿ ಏನೋ ದೊಡ್ಡ ಕಥೆ ಹೇಳುತ್ತಿದ್ದಳು. ಅವರೆಲ್ಲ ತೆಲುಗಿನವರು, ತಲೆದೂಗುತ್ತ ಕೇಳುತ್ತಿದ್ದರು. ನನ್ನವ್ವ ನಾನಿಲ್ಲದೆ ಇಷ್ಟು ಸುಖವಾಗಿರಬಲ್ಲಳು ಎಂಬುದನ್ನು ನಾನು ಮೊದಲ ಸಲ ನೋಡುತ್ತಿದ್ದೆ. ನೋಡುತ್ತಲೇ ನಿಂತೆ. ಚಹಾ ಬಿಸಿಯಿತ್ತು. ಗಾಡಿ ಹೊರಟದ್ದು ನನಗೆ ತಿಳಿದದ್ದು ಅವ್ವನ ಕಿಟಕಿ ನಿಧಾನವಾಗಿ ಬಲಕ್ಕೆ ಸರಿಯತೊಡಗಿದಾಗ.

ನನ್ನ ಡಬ್ಬಿ ಹಿಂದೆ ಉಳಿದಿದೆ, ಅದು ನನ್ನ ಮುಂದೆ ಬಂದಾಗ ಹತ್ತಿದರಾಯಿತು ಎಂದು ಮನಸ್ಸು ಲೆಕ್ಕ ಹಾಕಿತು. ಮೊಣಕಾಲು ಒಪ್ಪಲಿಲ್ಲ. ಅಷ್ಟರಲ್ಲಿ ಅವ್ವ ಹೊರಗೆ ನೋಡಿದಳು. ನೇರ ನನ್ನ ಮುಖವನ್ನೇ. ಅವಳು ಕೂಗಲಿಲ್ಲ, ಗಾಬರಿಯಾಗಲಿಲ್ಲ. ಕಂಬಿಗಳ ನಡುವಿನಿಂದ ಅಂಗೈ ತೋರಿಸಿ, ಓಡಬೇಡ, ಅಲ್ಲೇ ನಿಲ್ಲು ಎಂಬಂತೆ ಸನ್ನೆ ಮಾಡಿದಳು. ನಾನು ನಿಂತೆ. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ನಿಲ್ಲುತ್ತಿದ್ದ ಹಾಗೆಯೇ.

ಸ್ವಲ್ಪ ಹೊತ್ತಿಗೆ ಫೋನು ಬಂತು.

"ಎಲ್ಲಿದ್ದಿ ತಮ್ಮಾ?"

ನಾಚಿಕೆಗೆ, "ಬ್ಯಾಂಕಿನಲ್ಲಿ" ಎಂದುಬಿಟ್ಟೆ.

"ಹೌದೇನು? ಬ್ಯಾಂಕು ಭಾಳ ದೂರ ಆತು ನೋಡು ನಿನಗ. ಇರ್ಲಿ, ನಿನ್ನ ಚೀಲ ಯಾವ ಡಬ್ಬಿಯಾಗ ಐತಿ ಹೇಳು, ತರಿಸ್ತೇನಿ. ಮುಂದಿನ ಗಾಡಿಗೆ ಬಾ. ಇಳೀಬ್ಯಾಡ ಎಲ್ಲೂ."

ಎದುರಿಗೆ ಕೂತಿದ್ದ ಕಾಲೇಜು ಮೇಷ್ಟ್ರೊಬ್ಬರನ್ನು ಕಳಿಸಿ ನನ್ನ ಚೀಲ ತರಿಸಿಕೊಂಡಳಂತೆ. ಆ ಮೇಷ್ಟ್ರಿಗೆ ಕನ್ನಡ ಬರುತ್ತಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಸಂಜೆ ಹೊತ್ತಿಗೆ ಪೆಂದುರ್ತಿಯ ಮನೆಯ ಮೆಟ್ಟಿಲು ಹತ್ತುವಾಗ ನನ್ನ ಕಾಲು ಭಾರವಾಗಿತ್ತು. ಒಳಗಿನಿಂದ ನಗು ಕೇಳುತ್ತಿತ್ತು. ಸುಮಾ ಬಾಗಿಲಲ್ಲೇ ನನ್ನ ಕೈಹಿಡಿದು, "ಅಣ್ಣಾ, ನಮ್ಮತ್ತೆ ನಗ್ತಿದಾರೆ. ಆಸ್ಪತ್ರೆಯಿಂದ ಬಂದಮೇಲೆ ಇದೇ ಮೊದಲು" ಎಂದಳು. ಅವಳ ಕಣ್ಣು ತುಂಬಿತ್ತು. ಒಳಗೆ ಹೋದರೆ ಅತ್ತಯ್ಯಗಾರು ಗೋಡೆಯ ಕಡೆಯಿಂದ ಈ ಕಡೆ ಹೊರಳಿ ಮಲಗಿದ್ದರು. ಅವ್ವ ಒಂದು ಕೈಯಲ್ಲಿ ಇಲ್ಲದ ಚಹಾದ ಕಪ್ಪು ಹಿಡಿದು, ಬಾಯಿ ತೆರೆದು, ಗಾಡಿಯನ್ನು ನೋಡುತ್ತ ನಿಂತ ನನ್ನನ್ನು ಅಭಿನಯಿಸಿ ತೋರಿಸುತ್ತಿದ್ದಳು. ಅತ್ತಯ್ಯಗಾರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು.

"ಏಂ ಬಾಬೂ, ಟೀ ಬಾಗುಂದಾ?"

ಚಹಾ ಚೆನ್ನಾಗಿತ್ತು ಎಂದು ನಾನು ಒಪ್ಪಿಕೊಂಡೆ.

ನಕ್ಕರೇನೋ ಸರಿ, ನಡೆಯಬೇಕಲ್ಲ. ಮರುದಿನ ಬೆಳಿಗ್ಗೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚದ ಮುಂದೆ ನಿಂತಳು. ಪ್ರಸಾದ್ ವಾಕರ್ ತಂದಿಟ್ಟರು. ಅತ್ತಯ್ಯಗಾರು ತಲೆಯಾಡಿಸಿ, "ವದ್ದು ವದಿನಾ, ಪಡಿಪೋತಾನು" ಎಂದರು. ಬೇಡ ಅತ್ತಿಗೆ, ಬಿದ್ದುಬಿಡುತ್ತೇನೆ ಎಂಬ ಮಾತು ಅವ್ವನಿಗೂ ಅರ್ಥವಾಯಿತು.

"ಬಿದ್ರ ನನ್ನ ಮ್ಯಾಲೆ ಬೀಳ್ರಿ. ನಾನೂ ಮೆತ್ತಗ ಅದೇನಿ."

ಅತ್ತಯ್ಯಗಾರು ಎದ್ದರು. ಒಂದು ಹೆಜ್ಜೆ, ಇನ್ನೊಂದು. ಮೂರನೆಯದಕ್ಕೆ ಕಾಲು ನಡುಗಿ ಮಂಚದ ಮೇಲೆ ಕುಸಿದು ಕೂತು ಮಗುವಿನಂತೆ ಅತ್ತುಬಿಟ್ಟರು. ಅವ್ವ ಸಮಾಧಾನ ಹೇಳುತ್ತಾಳೆಂದು ನಾವು ಕಾಯುತ್ತಿದ್ದರೆ ಅವಳೂ ಪಕ್ಕದಲ್ಲಿ ಕೂತು ಅತ್ತಳು. ಚೆನ್ನಾಗಿ ಅತ್ತು ಮುಗಿಸಿ, ಇಬ್ಬರ ಮೂಗನ್ನೂ ತನ್ನ ಸೆರಗಿನಿಂದಲೇ ಒರೆಸಿ, "ಸಂಜಿಗೆ ಮತ್ತ ನೋಡೂಣು" ಎಂದಳು. ನನಗೆ, "ನೀ ಇನ್ನ ನಡಿ. ನಿನ್ನ ನೋಡಿ ಆಕಿಗೆ ನಾಚಿಕಿ ಬರ್ತೈತಿ" ಎಂದು ಅಪ್ಪಣೆಯಾಯಿತು. ನಾನು ವಿಜಯವಾಡಕ್ಕೆ ವಾಪಸಾದೆ.

ಮುಂದಿನದೆಲ್ಲ ಸುಮಾ ಫೋನಿನಲ್ಲಿ ಹೇಳಿದ್ದು. ಸಂಜೆಯೂ ಆಗಲಿಲ್ಲವಂತೆ, ಮರುದಿನವೂ ಆಗಲಿಲ್ಲವಂತೆ. ಅವ್ವ ಹೊತ್ತಿಗೆ ಸರಿಯಾಗಿ ಮಂಚದ ಮುಂದೆ ಹೋಗಿ ನಿಲ್ಲುವುದನ್ನು ಬಿಡಲಿಲ್ಲ. ಒಂದು ದಿನ ಅತ್ತಯ್ಯಗಾರು ಸಿಟ್ಟಿಗೆದ್ದು, ನಿಮ್ಮೂರಿಗೆ ಹೋಗಿ ಎಂದರಂತೆ. ಅವ್ವ ಮಂದ ಕಿವಿಯನ್ನು ಆ ಕಡೆ ತಿರುಗಿಸಿ ನಿಂತಳಂತೆ. ಇನ್ನೊಂದು ದಿನ ಅವ್ವ ಅಡುಗೆಮನೆ ಹೊಕ್ಕು ಗೋಂಗೂರಕ್ಕೆ ಬೆಲ್ಲ, ಶೇಂಗಾ ಪುಡಿ ಹಾಕಿ ಕುದಿಸುತ್ತಿರುವಾಗ ಹಿಂದಿನಿಂದ, "ಬೆಲ್ಲಂ ಎಂದುಕು ವದಿನಾ?" ಎಂದು, ಬೆಲ್ಲ ಯಾಕೆಂದು ಕೇಳುವ ದನಿ ಬಂತಂತೆ. ಅತ್ತಯ್ಯಗಾರು ವಾಕರ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದರು. ಅವ್ವ ತಿರುಗಿಯೂ ನೋಡದೆ, "ಹಂಗಾರ ಬಂದು ನೀವ ಮಾಡ್ರಿ" ಎಂದಳಂತೆ. ಹಸಿರು ಮಂಗಳಗಿರಿ ಸೀರೆ ಉಟ್ಟು ಅತ್ತಯ್ಯಗಾರು ಗೇಟಿನ ಬಳಿ ನಿಂತ ಫೋಟೋ ಬರುವ ಹೊತ್ತಿಗೆ ಬ್ಯಾಂಕಿನಲ್ಲಿ ನಮ್ಮ ವರ್ಷದ ಕೊನೆ ಮುಗಿದು, ಬೇಸಿಗೆಯೂ ಮುಗಿಯುತ್ತ ಬಂದಿತ್ತು. ಫೋಟೋದಲ್ಲಿ ಅವ್ವ ಇಲ್ಲ. ಒಂದು ಮೊಣಕೈ ಮಾತ್ರ ಇದೆ, ಅತ್ತಯ್ಯಗಾರ ಬೆನ್ನ ಹಿಂದೆ.

ಕೆಲವು ವರ್ಷಗಳ ನಂತರ ಹಾಸಿಗೆ ಹಿಡಿಯುವ ಸರದಿ ಅವ್ವನದಾಯಿತು. ಹೃದಯ ಸೋತಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದರು ಡಾಕ್ಟರು. ಆ ವಾರವೇ ಸುಮಾ ಗಾಬರಿಯಿಂದ ಫೋನು ಮಾಡಿದಳು. ಅವಳಿಗೂ ಪ್ರಸಾದರಿಗೂ ರಜೆ ಸಿಗುವ ಮೊದಲೇ ಅತ್ತಯ್ಯಗಾರು ಕೈಗೋಲು ಹಿಡಿದು ಒಬ್ಬರೇ ವಿಜಯವಾಡದ ಗಾಡಿ ಹತ್ತಿಬಿಟ್ಟಿದ್ದರು.

ಈ ಸಲ ಎಡವಬಾರದೆಂದು ನಾನು ಮುಂಚಿತವಾಗಿಯೇ ಸ್ಟೇಷನ್ನಿಗೆ ಹೋದೆ. ಗಾಡಿ ಬಂತು. ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ತೋರಿಸುವ ದೀಪದ ಅಕ್ಷರಗಳನ್ನು ಓದುತ್ತ ನಿಂತೆ. ಜನವೆಲ್ಲ ಇಳಿದು ಹೋದರು. ಅತ್ತಯ್ಯಗಾರಿಲ್ಲ. ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಓಡಿದೆ. ಅವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿಸಿದೆ. ಕೂಗು ಮುಗಿಯುವ ಮೊದಲೇ ವಿಜಯಾಳ ಫೋನು ಬಂತು.

"ಎಲ್ಲಿದೀರಿ? ಅತ್ತಯ್ಯಗಾರು ಆಗಲೇ ಬಂದು ಕಾಫಿ ಕುಡಿದಾಯ್ತು."

ಇಳಿದಾಗ ನಾನು ಕಂಡೆನಂತೆ. ಬೆನ್ನು ಹಾಕಿಕೊಂಡು ಮೇಲೆ ನೋಡುತ್ತಿದ್ದೆನಂತೆ. ಪಾಪ, ಕರೆದರೆ ಗಾಬರಿಯಾದೀತೆಂದು ಅವರೇ ಆಟೋ ಹಿಡಿದು ಪಟಮಟಕ್ಕೆ ಬಂದರಂತೆ.

ನಾನು ಮನೆ ಮುಟ್ಟಿದಾಗ ಅವರು ಅವ್ವನ ತಲೆಯ ಬಳಿ ಕೂತು ಕೂದಲ ಸಿಕ್ಕು ಬಿಡಿಸುತ್ತಿದ್ದರು. ಈಗ ಇವರು ಅವ್ವನನ್ನು ಏಳಿಸುತ್ತಾರೆ, ಇವರಿಂದ ಮಾತ್ರ ಸಾಧ್ಯ ಎಂದು ನನಗೊಂದು ಆಸೆ ಹುಟ್ಟಿತ್ತು. ಅತ್ತಯ್ಯಗಾರು ಏಳಿ ಎನ್ನಲಿಲ್ಲ. ಅವ್ವನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. "ಬಂದ್ರೇನು?" ಎಂದಳು ಅವ್ವ ಕಣ್ಣು ತೆರೆಯದೆ. "ಬಂದೆ ವದಿನಾ. ಮಲಕೋಳ್ರಿ" ಎಂದರು ಅತ್ತಯ್ಯಗಾರು, ಅವ್ವನ ಕನ್ನಡದಲ್ಲಿ. ಯಾರನ್ನು ಎಬ್ಬಿಸಬೇಕು, ಯಾರನ್ನು ಮಲಗಲು ಬಿಡಬೇಕು ಎಂಬುದು ಡಾಕ್ಟರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ದಿನಾ ತಲೆ ಬಾಚಿದರು, ಹೆರಳು ಹಾಕಿದರು, ತೆಲುಗಿನಲ್ಲಿ ಊರ ಸುದ್ದಿ ಹೇಳಿದರು. ಅವ್ವ ತಿಂಗಳು ತುಂಬುವ ಮೊದಲೇ ಹೋದಳು, ಅವರ ಕೈಯನ್ನು ಹಿಡಿದುಕೊಂಡೇ.

ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತಯ್ಯಗಾರು ಒಬ್ಬರೇ ಹೊರಡುತ್ತೇನೆಂದರು. ನಾನು ಬಿಡಲಿಲ್ಲ. ಜೊತೆಗೆ ಬಂದೇ ಬರುತ್ತೇನೆಂದು ಹಟ ಹಿಡಿದೆ. ಜೀವನದಲ್ಲಿ ಗೆದ್ದ ಮೊದಲ ಹಟ. ಅವರು ನನ್ನ ಮುಖ ನೋಡಿ, ಸರಿ ಎಂದರು. ಗಾಡಿಯಲ್ಲಿ ನನ್ನನ್ನು ಕಿಟಕಿಯ ಬಳಿ ಕೂರಿಸಿ, ತಾವು ಪಕ್ಕದಲ್ಲಿ ಕೂತರು. ಎದುರಿಗಿದ್ದ ಹೆಂಗಸು, ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೀರಾ ಎಂದು ನನ್ನನ್ನು ತೆಲುಗಿನಲ್ಲಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತಯ್ಯಗಾರು ಉತ್ತರ ಕೊಟ್ಟರು. ಇವನು ನಮ್ಮ ವದಿನೆಯ ಮಗ, ಮೊನ್ನೆ ತಾಯಿ ಹೋದಳು, ಒಬ್ಬನೇ ಇರಲಾರ, ಅದಕ್ಕೇ ನಾಲ್ಕು ದಿನ ಇರಲೆಂದು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ ಎಂದರು.

ಮನೆಯಲ್ಲಿ ಹೆಂಡತಿ ಮಕ್ಕಳಿದ್ದ, ನಿವೃತ್ತಿಯ ಅಂಚಿನಲ್ಲಿದ್ದ ಅಧಿಕಾರಿ ನಾನು. ತಿದ್ದಬಹುದಿತ್ತು, ಆ ಮಟ್ಟಿನ ತೆಲುಗು ನನಗೆ ಬರುತ್ತದೆ. ಆದರೆ ಅವರು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ಹೌದು ಎಂದು ತಲೆಯಾಡಿಸಿ ಕಿಟಕಿಯ ಹೊರಗೆ ನೋಡುತ್ತ ಕೂತೆ.