ಎಲ್ಲಿಗೆ ಎಂದು ಕೇಳಬಾರದ ಭಾವ

ನಮ್ಮ ಭಾವನನ್ನು ತಡೆದು ನಿಲ್ಲಿಸಲು ಪೊಲೀಸರು ಬೇಡ, ಸಿಗ್ನಲ್ ಬೇಡ, ಕುವೈತಿನ ಮರಳುಗಾಳಿಯೂ ಬೇಡ. ಒಂದೇ ಒಂದು ಪದ ಸಾಕು: "ಎಲ್ಲಿಗೆ?"

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಯಾರಿಗಿಲ್ಲ ಹೇಳಿ? ಕೇಳಲೇಬೇಕಿದ್ದರೆ "ದೂರ ಹೊರಟದ್ದಾ?" ಎನ್ನುತ್ತೇವೆ. ಯಾರಾದರೂ ಬಾಯಿ ತಪ್ಪಿ ಕೇಳಿಯೇಬಿಟ್ಟರೆ ಮುಖ ಸಿಂಡರಿಸಿ ಮುಂದೆ ಹೋಗುತ್ತೇವೆ. ಭಾವ ಹಾಗಲ್ಲ. ಅವರು ಹಿಂದಿರುಗಿ, ಚಪ್ಪಲಿ ಕಳಚಿ, ಕುರ್ಚಿಯಲ್ಲಿ ಕೂತು, ನೀರು ಕುಡಿದು ಹೊಸದಾಗಿ ಹೊರಡಬೇಕು. ಯಾವ ಭಾಷೆಯಲ್ಲಿ ಕೇಳಿದರೂ ದೋಷ ದೋಷವೇ. ಕುವೈತಿನ ಶುವೈಖ್ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅವರ ಕೆಲಸ ಇಷ್ಟು ವರ್ಷ ಹೇಗೆ ಉಳಿಯಿತೋ ದೇವರಿಗೇ ಗೊತ್ತು.

ಭಾವ ಎಂದರೆ ನನ್ನ ಗಂಡನ ಅಣ್ಣ. ಮದುವೆಯಾಗಿ ರಿಗ್ಗೈಯ ಅವರ ಫ್ಲಾಟಿಗೆ ಬಂದ ಮರುದಿನ ಮೆಟ್ಟಿಲಿಳಿಯುತ್ತಿದ್ದೆ. ಕಟ್ಟಡ ಕಾಯುವ ಈಜಿಪ್ಟಿನ ಮುದುಕ ನನ್ನನ್ನು ನೋಡಿ ಗಂಭೀರವಾಗಿ, "ದೂರಾ ಹೊರತದ್ದಾ?" ಎಂದ. ನನಗೆ ಕಾಲು ಜಾರುವುದೊಂದು ಬಾಕಿ. ವಿಚಾರಿಸಿದರೆ, ಅವನು ದಿನಾ ಬೆಳಿಗ್ಗೆ ಅರಬಿಯಲ್ಲಿ "ವೇನ್?" ಎಂದು ಕೇಳುತ್ತಿದ್ದನಂತೆ. ವೇನ್ ಎಂದರೆ ಎಲ್ಲಿಗೆ. ಭಾವ ದಿನಾ ಮಹಡಿ ಹತ್ತಿ ನೀರು ಕುಡಿಯುತ್ತಿದ್ದರಂತೆ. ಕೊನೆಗೆ ಸಾಕಾಗಿ ಅವನಿಗೆ ಕನ್ನಡ ಕಲಿಸಿದರು. ಅವನೋ ಅದನ್ನು ನಮಸ್ಕಾರ ಎಂದುಕೊಂಡು ಕಟ್ಟಡದ ಕುವೈತಿ ಮಾಲೀಕನಿಗೂ ಹೇಳಲು ಶುರುಮಾಡಿದ್ದ!

ಇಂಥವರ ಕಾರಿನಲ್ಲಿ ನಾವು ತೊಂಬತ್ತರ ಜನವರಿಯ ಒಂದು ಶುಕ್ರವಾರ ಮರುಭೂಮಿ ದಾಟಿ ಅಬ್ದಲಿಗೆ ಹೊರಟೆವು. ಅಲ್ಲಿನ ತರಕಾರಿ ತೋಟವೊಂದರಲ್ಲಿ ಭಾವನ ಊರಾದ ಕಾರ್ಕಳದವನೊಬ್ಬ ಕೆಲಸಕ್ಕಿದ್ದ. ಅವನು ಕುವೈತಿಗೆ ಬಂದ ಮೇಲೆ ಊರಿನಲ್ಲಿ ಮಗಳು ಹುಟ್ಟಿದ್ದಳು. ಆ ಮಗುವಿನ ದನಿಯನ್ನು ಮನೆಯವರು ಕ್ಯಾಸೆಟ್ಟಿನಲ್ಲಿ ತುಂಬಿಸಿ, ರಜೆ ಮುಗಿಸಿ ಬರುವವರ ಕೈಯಲ್ಲಿ ಭಾವನಿಗೆ ಕಳಿಸಿದ್ದರು. ತೋಟದಲ್ಲಿ ಟೇಪ್ ರೆಕಾರ್ಡರ್ ಇಲ್ಲ, ಭಾವನ ಕಾರಿನಲ್ಲಿ ಇದೆ. ಅವನು ತರಕಾರಿ ಲಾರಿಯವನ ಹತ್ತಿರ ಹೇಳಿ ಕಳಿಸಿದ್ದ: ಶುಕ್ರವಾರ ಮಸೀದಿಯಲ್ಲಿ ಮಧ್ಯಾಹ್ನದ ಮೇಲಿನ ಬಾಂಗು ಆಗುವವರೆಗೆ ರಸ್ತೆ ಪಕ್ಕದ ನೀರಿನ ಟ್ಯಾಂಕಿನ ಹತ್ತಿರ ನಿಂತಿರುತ್ತೇನೆ, ಆಮೇಲೆ ಕೆಲಸಕ್ಕೆ ಹೋಗಬೇಕು. ಅಬ್ದಲಿಯ ತೋಟಗಳೆಲ್ಲ ನೋಡಲು ಒಂದೇ ಥರ. ಅವನು ಒಳಗೆ ಹೋದನೆಂದರೆ ನಾವು ಹುಡುಕುವ ಮಾತೇ ಇಲ್ಲ.

ಜೊತೆಗೆ ನನ್ನ ಗಂಡನ ಗೆಳೆಯರು, ಸಿಟಿಯ ಬ್ಯಾಂಕಿನಲ್ಲಿರುವ ಮೈಸೂರಿನವರು ಮತ್ತು ಅವರ ಹೆಂಡತಿ. ಆಕೆ ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಕಾರು ಗಲ್ಲಿ ದಾಟುವಷ್ಟರಲ್ಲಿ ಮುದ್ದಾಗಿ ಕೇಳಿದರು. "ಅಂದ್ಹಾಗೆ ಸಾರ್, ನಮ್ಮನ್ನ ಎಲ್ಲಿಗ್ ಕರ್ಕೊಂಡ್ ಹೋಗ್ತಿದೀರಾ?"

ಕಾರು ನಿಂತಿತು. ತಿರುಗಿತು. ಭಾವ ಮನೆಗೆ ಹೋಗಿ ನೀರು ಕುಡಿದು ಬಂದರು. ಆ ಪಾಪದ ಹೆಂಗಸು, "ಏನಾಯ್ತು, ಗ್ಯಾಸ್ ಆಫ್ ಮಾಡೋದು ಮರೆತ್ರಾ?" ಎಂದರು. ನಾನು ಹೌದೆಂದೆ.

ಪೆಟ್ರೋಲ್ ಬಂಕಿನಲ್ಲಿ ಬಂಗಾಳಿಯೊಬ್ಬ ಪೈಪು ಸಿಕ್ಕಿಸುತ್ತ, "ಕಹಾಂ ಚಲೇ ಭಾಯಿ?" ಎಂದ. ಕಾರು ಮತ್ತೆ ರಿಗ್ಗೈಗೆ. ನನಗೆ ಮೈಯೆಲ್ಲ ಉರಿಯಿತು.

"ಭಾವ, ಅವನು ಅಲ್ಲಿ ಬಿಸಿಲಲ್ಲಿ ಕಾಯ್ತಾ ಇರ್ತಾನೆ. ನೀವು ಇಲ್ಲಿ ನೀರು ಕುಡೀತಾ ಇದ್ದೀರಿ."

"ಅದಕ್ಕೇ ಅಲ್ವಾ ಕುಡಿಯೋದು? ಕೆಲಸ ಆಗ್ಬೇಕಲ್ಲ ಮಾರಾಯ್ತಿ," ಎಂದರು ಭಾವ, ಲೋಟ ಕೆಳಗಿಟ್ಟು.

ಜಹ್ರಾ ದಾಟಿ ಮುತ್ಲಾ ದಿಬ್ಬ ಹತ್ತಿದ ಮೇಲೆ ಚಳಿಗಾಲದ ಮರುಭೂಮಿ ಕಣ್ತುಂಬ ಬಿಚ್ಚಿಕೊಂಡಿತು. ಮಳೆ ಬಿದ್ದಲ್ಲಿ ತೆಳ್ಳಗೆ ಹಸಿರು, ಕುವೈತಿಗಳ ಬಿಳಿ ಡೇರೆಗಳು, ಸ್ವೆಟರಿನೊಳಗೂ ನುಗ್ಗುವ ಗಾಳಿ. ಆಗಸ್ಟಿನಲ್ಲಿ ಇದೇ ದಾರಿಯಲ್ಲಿ ಇರಾಕಿನ ಟ್ಯಾಂಕುಗಳು ಬರುತ್ತವೆಂದು ಯಾರಿಗೆ ಗೊತ್ತಿತ್ತು? ಅಂದು ನಮಗಿದ್ದ ಭಯವೆಂದರೆ ದಾರಿಯಲ್ಲಿ ಇನ್ಯಾರು ಬಾಯಿ ಬಿಡುತ್ತಾರೋ ಎಂಬುದೊಂದೇ.

ಬಿಟ್ಟವನು ಚೆಕ್‌ಪೋಸ್ಟಿನ ಪೊಲೀಸ್. ಕಿಟಕಿಗೆ ಬಗ್ಗಿ, "ವೇನ್?" ಎಂದ.

ಭಾವ ರಿವರ್ಸ್ ಗೇರ್ ಹಾಕಿದರು. ಪೊಲೀಸರ ಮುಖ ನೋಡಿ ಹಿಂದಕ್ಕೆ ಓಡುವ ಕಾರನ್ನು ಯಾವ ದೇಶದ ಪೊಲೀಸರು ಸುಮ್ಮನೆ ಬಿಡುತ್ತಾರೆ? ಸೀಟಿ ಮೊಳಗಿತು, ಜೀಪು ಅಡ್ಡ ಬಂತು, ಎಲ್ಲರ ಇಕಾಮಾ ಎಂಬ ವಾಸದ ಪರವಾನಗಿ ಅವನ ಕೈ ಸೇರಿತು. ಮೈಸೂರಿನವರು ಕಣ್ಣುಮುಚ್ಚಿ ರಾಯರನ್ನು ನೆನೆಯತೊಡಗಿದರು. ಭಾವ ಕೆಳಗಿಳಿದು ತಮ್ಮ ಅಂಗಡಿಯ ಅರಬಿಯಲ್ಲಿ ವಿವರಿಸಿದರು. "ಅನಾ ಹಿಂದಿ. ವೇನ್ ಮಾಫಿ. ವೇನ್ ಖಲಾಸ್." ಎಂದರೆ, ನಾನು ಇಂಡಿಯಾದವ, ಎಲ್ಲಿಗೆ ಇಲ್ಲ, ಎಲ್ಲಿಗೆ ಮುಗಿಯಿತು.

ಪೊಲೀಸ್ ಅವರ ಮುಖವನ್ನೇ ನೋಡಿದ. ಅವನ ಕಣ್ಣಲ್ಲಿ ಕನಿಕರ ಕಂಡಿತು. ಈ ಮನುಷ್ಯ ದಾರಿ ತಪ್ಪಿ, ಬುದ್ಧಿಯೂ ಅರ್ಧ ತಪ್ಪಿ ಅಲೆಯುತ್ತಿದ್ದಾನೆ ಎಂದುಕೊಂಡನೋ ಏನೋ, ಭಾವನನ್ನು ತನ್ನದೇ ಕುರ್ಚಿಯಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟ. ಭಾವ ಚಪ್ಪಲಿ ಕಳಚಿ ತೃಪ್ತಿಯಿಂದ ಕುಡಿದರು. ದೋಷ ಅಲ್ಲಿಗೇ ಕಳೆಯಿತು, ಇಕಾಮಾಗಳೂ ನಮ್ಮ ಕೈಗೆ ಬಂದವು.

ಆದರೆ ಅಷ್ಟರಲ್ಲಿ ಬಾಂಗು ಆಗಿಹೋಗಿತ್ತು. ಭಾವ ಮುಂದಕ್ಕೆ ಬಾಗಿಕೊಂಡು ಕಾರು ಓಡಿಸುತ್ತಿದ್ದರು. ನೀರಿನ ಟ್ಯಾಂಕು ಕಂಡಾಗ ಅದರ ಬುಡದಲ್ಲಿ ಯಾರೂ ಇರಲಿಲ್ಲ. ಆಚೆಗೆ, ತೋಟಗಳ ಮಣ್ಣುದಾರಿಯಲ್ಲಿ, ಒಬ್ಬ ನಮಗೆ ಬೆನ್ನು ಹಾಕಿ ನಡೆದುಹೋಗುತ್ತಿದ್ದ. ಭಾವ ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಅವನು ತಿರುಗಿದ, ಆಮೇಲೆ ಓಡಿಬಂದ.

"ಬತ್ತರಾ?" ಎಂದ, ತುಳುವಿನಲ್ಲಿ. ಬಂದಿರಾ ಎಂದು ಅಷ್ಟೇ. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ.

ಭಾವ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕ್ಯಾಸೆಟ್ ಹಾಕಿದರು. ಮೊದಲು ಪಾತ್ರೆ ಬಿದ್ದ ಸದ್ದು. ಆಮೇಲೆ, "ಮಾತಾಡು, ತಿರುಗ್ತಾ ಉಂಟು," ಎಂದು ಯಾವುದೋ ಅಜ್ಜಿಯ ಪಿಸುಮಾತು. ಅವನ ಹೆಂಡತಿ, "ಇಲ್ಲಿ ಎಲ್ಲ ಸೌಖ್ಯ," ಎಂದಳು. ಯಾರೋ ಮಗುವಿಗೆ ಕಚಗುಳಿ ಇಟ್ಟಿರಬೇಕು, ಅದು ಕೇಕೆ ಹಾಕಿ ನಕ್ಕಿತು. ನಾವೆಲ್ಲ ಟೊಮೇಟೊ ನೋಡುವ ನೆಪದಲ್ಲಿ ದೂರ ಹೋದೆವು.

ಅವನು ಮತ್ತೆ ಮತ್ತೆ ಕೇಳಿದ. ಕೊನೆಗೆ ಇಳಿದು, ಕ್ಯಾಸೆಟ್ಟನ್ನು ಅಂಗಿಯಿಂದ ಒರೆಸಿ, "ಇನ್ನು ನೀವು ಬಂದಾಗ ಕೇಳುವ," ಎಂದು ಜೇಬಿಗಿಟ್ಟುಕೊಂಡ.

ಭಾವ ಡಿಕ್ಕಿಯಿಂದ ಸ್ಕ್ರೂಡ್ರೈವರ್ ತಂದರು. ಆ ಟೇಪ್ ಅವರು ಕೈಯಾರೆ ಕೂರಿಸಿದ್ದು, ಅದರ ಗುಂಡಿ ಮುಟ್ಟಲೂ ನಮ್ಮನ್ನು ಬಿಡುತ್ತಿರಲಿಲ್ಲ. ಅದನ್ನು ವೈರು ಸಮೇತ, ಸ್ಪೀಕರ್ ಸಮೇತ ಕಿತ್ತರು. ಕಾರನ್ನು ಅವನ ಕೋಣೆಯ ಬಾಗಿಲವರೆಗೆ ಒಯ್ದರು, ಒಳಗೆ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಇತ್ತು. ಅದಕ್ಕೆ ಜೋಡಿಸಿ, ಬ್ಯಾಟರಿ ಇಳಿದರೆ ಹೇಗೆ ಚಾರ್ಜ್ ಮಾಡಬೇಕೆಂದು ತೋರಿಸಿ, ಕೈ ಒರೆಸಿಕೊಂಡು ಬಂದು ಕಾರಿನಲ್ಲಿ ಕೂತರು.

ಕತ್ತಲಾಗುತ್ತಿತ್ತು, ಚಳಿ ಏರುತ್ತಿತ್ತು. ಕೋಣೆಯೊಳಗಿಂದ ಮಗುವಿನ ನಗು ಕೇಳಿಬರುತ್ತಿತ್ತು. ಭಾವ ಕೀಲಿ ಹಿಡಿದು ಸುಮ್ಮನೆ ಕೂತಿದ್ದರು.

"ಹೊರಡುವ ಭಾವ," ಎಂದೆ.

"ಒಂಚೂರು ನಿಲ್ಲು. ಇಂಜಿನ್ ಸದ್ದಿಗೆ ಅವನಿಗೆ ಸರಿ ಕೇಳ್ಲಿಕ್ಕಿಲ್ಲ."

ಬೆಳಗಿನಿಂದ ಕೂಡಿಟ್ಟುಕೊಂಡಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಆ ಮನುಷ್ಯನ ಮೇಲೆ ನನಗೆ ತುಂಬ ಪ್ರೀತಿ ಬಂತು. ಕ್ಯಾಸೆಟ್ಟಿನ ಆ ಬದಿ ಮುಗಿದು ಟೇಪ್ ಟಕ್ಕೆಂದು ನಿಲ್ಲುವವರೆಗೂ ಭಾವ ಕಾರು ಸ್ಟಾರ್ಟ್ ಮಾಡಲಿಲ್ಲ.